ಹೊಣೆಗೊಂದು ಮೇರೆ

ಬೀದಿಯ ಹಲಗೆಗಳನ್ನು ಓದುತ್ತ ನಡೆಯುವುದು ಕನ್ನಡದ ಮೇಷ್ಟರುಗಳಿಗೆ ಅಂಟಿದ ಚಟ. ಕಾಗುಣಿತದ ತಪ್ಪು ಸಿಕ್ಕಿದರೆ ಒಂದು ಬಗೆಯ ಸಂತೋಷ, ಸಿಕ್ಕದಿದ್ದರೆ ಇನ್ನೊಂದು ಬಗೆಯ ಸಂತೋಷ. ನಮ್ಮ ಕಡೆ, ಕೊಳ್ಳೇಗಾಲದಿಂದ ಅತ್ತ ಹನೂರಿನವರೆಗೆ, ಇತ್ತ ಯಳಂದೂರಿನವರೆಗೆ, ಹಾಲಿನ ಸಂಘ, ನೇಕಾರರ ಸಂಘ, ವ್ಯವಸಾಯದ ಸಂಘ ಯಾವುದರ ಹಲಗೆಯನ್ನು ನೋಡಿದರೂ ಹೆಸರಿನ ಕೊನೆಗೆ ‘ನಿಯಮಿತ’ ಎಂಬ ಮಾತೊಂದು ಇರುತ್ತದೆ. ಹಲಗೆ ಚಿಕ್ಕದಾದರೆ ಅದು ‘ನಿ.’ ಎಂದು ಮುದುಡಿಕೊಳ್ಳುತ್ತದೆ. ಈ ನಿಯಮಿತ ಎಂದರೇನು ಎಂದು ಹತ್ತು ಮಂದಿಯನ್ನು ಕೇಳಿ ನೋಡಿ. ನಿಯಮದಂತೆ ನಡೆಯುವುದು ಎಂದು ಒಬ್ಬರು, ಸರ್ಕಾರ ಗೊತ್ತುಮಾಡಿದ್ದು ಎಂದು ಇನ್ನೊಬ್ಬರು ಹೇಳುತ್ತಾರೆ. ಪದದ ಅರ್ಥದ ಮಟ್ಟಿಗೆ ಇಬ್ಬರ ಮಾತೂ ತಪ್ಪಲ್ಲ. ಆದರೆ ಇಂಗ್ಲಿಷಿನ ‘ಲಿಮಿಟೆಡ್’ಗೆ ಬದಲಾಗಿ ಬಂದ ಆ ಮಾತು ಹೇಳಬೇಕಾದುದು ಬೇರೆ. ಇದರೊಡನೆ ವ್ಯವಹರಿಸುವವರೇ, ನಾಳೆ ಇದು ಸಾಲ ತೀರಿಸಲಾರದೆ ಹೋದರೆ ಇದರ ಹಿಂದಿರುವವರ ಮನೆಬಾಗಿಲಿಗೆ ನೀವು ಹೋಗುವಂತಿಲ್ಲ, ಅವರ ಹೊಣೆಗೆ ಮೇರೆಯುಂಟು ಎಂದು ಅದರ ತಾತ್ಪರ್ಯ. ಅಂದರೆ ಅದು ಎಚ್ಚರಿಕೆ. ಎಚ್ಚರಿಕೆಯ ಮಾತು ಕನ್ನಡಕ್ಕೆ ಬರುವಾಗ ಬಿರುದಿನಂತೆ ಕೇಳಿಸತೊಡಗಿದ್ದು ಭಾಷಾಂತರದ ಸೋಜಿಗ.

ಕನ್ನಡ ಎಂ.ಎ. ಮಾಡಿ ಹಳಗನ್ನಡ ಹೇಳಿಕೊಂಡಿದ್ದವನಿಗೆ ಕಂಪನಿ ಕಾಯಿದೆಯ ಗೊಡವೆ ಬಂದದ್ದು ವಾಣಿಜ್ಯ ವಿಭಾಗದ ಮಿತ್ರರೊಬ್ಬರಿಂದ. ಅವರ ಬಿ.ಕಾಂ. ತರಗತಿಯ ಹುಡುಗ ಹುಡುಗಿಯರಲ್ಲಿ ಅನೇಕರು ಲೊಕ್ಕನಹಳ್ಳಿ, ರಾಮಾಪುರದ ಕಡೆಯಿಂದ ಕನ್ನಡದಲ್ಲೇ ಓದಿ ಬಂದವರು. ಕಂಪನಿ ಕಾನೂನು, ಅಂತರರಾಷ್ಟ್ರೀಯ ವ್ಯಾಪಾರದ ಕಾನೂನು ಎಂಬ ವಿಷಯಗಳ ಪುಸ್ತಕಗಳು ಮಾತ್ರ ಇಂಗ್ಲಿಷಿನವು. ಮಿತ್ರರು ಕನ್ನಡದಲ್ಲಿ ಟಿಪ್ಪಣಿ ಬರೆಯಹೊರಟರು. ಪದ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ವಾರಕ್ಕೆರಡು ಸಂಜೆ ಅವರ ಪುಸ್ತಕ, ನನ್ನ ನಿಘಂಟು. ಆಗಾಗ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನಮ್ಮ ಪದಗಳು ಹುಡುಗರ ಮುಖದಲ್ಲಿ ಏನು ಮಾಡುತ್ತವೆಂದು ನೋಡುತ್ತಿದ್ದೆ.

ಕಂಪನಿ ಎಂಬುದು ಅದರ ಸದಸ್ಯರಿಂದ ಬೇರೆಯಾದ ಒಬ್ಬ ‘ವ್ಯಕ್ತಿ’ ಎಂಬ ಮಾತನ್ನು ಹುಡುಗರು ಒಪ್ಪಲಾರರೆಂದು ಮಿತ್ರರಿಗೆ ಭಯವಿತ್ತು. ಹಾಗೇನೂ ಆಗಲಿಲ್ಲ. ಮಾದಪ್ಪನ ಬೆಟ್ಟದ ಮಕ್ಕಳಿಗೆ ಕಣ್ಣಿಗೆ ಕಾಣದ ಯಜಮಾನನ ಕಲ್ಪನೆ ಹೊಸದಲ್ಲ. ದೇವರಿಗೆ ಜಮೀನುಂಟು, ದೇವರ ಹೆಸರಿನಲ್ಲಿ ದಾವೆಯುಂಟು, ಹುಂಡಿಯ ಹಣ ದೇವರದು. ದೇವತಾಮೂರ್ತಿ ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ ಎಂಬುದನ್ನು ೧೯೨೫ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲೇ ಕಲ್ಕತ್ತೆಯ ಮಲ್ಲಿಕ್ ಮನೆತನದ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ. ಮಲೆ ಮಹದೇಶ್ವರನ ಹುಂಡಿ ಎಣಿಸುವ ದಿನ ಅಧಿಕಾರಿಗಳು, ಬ್ಯಾಂಕಿನವರು, ಪೊಲೀಸರು, ಕ್ಯಾಮೆರಾ ಎಲ್ಲರ ಎದುರಿನಲ್ಲಿ ನೋಟು ಚಿಲ್ಲರೆಗಳ ಲೆಕ್ಕವಾಗುತ್ತದೆ; ಮೊತ್ತ ಮಾರನೆಯ ದಿನದ ಪತ್ರಿಕೆಯಲ್ಲಿ ಬರುತ್ತದೆ. ದೇವರ ಸೊತ್ತನ್ನು ಮುಟ್ಟಿದರೆ ವಂಶ ಉಳಿಯುವುದಿಲ್ಲವೆಂಬ ಅಂಜಿಕೆ ಇನ್ನೂ ಸತ್ತಿಲ್ಲ. ಅಂಜಿಕೆಯಿದ್ದೂ ಎಣಿಕೆಯನ್ನು ಬಹಿರಂಗವಾಗಿಯೇ ಮಾಡುತ್ತಾರೆಂಬುದನ್ನು ನಾವು ಗಮನಿಸಬೇಕು. ಕಂಪನಿಯೆಂಬ ವ್ಯಕ್ತಿಗೆ ಆ ಅಂಜಿಕೆಯ ಬೆಂಬಲವೂ ಇಲ್ಲ. ದಂಡಿಸುವುದಕ್ಕೆ ಮೈಯಿಲ್ಲ, ನರಕಕ್ಕೆ ಕಳಿಸುವುದಕ್ಕೆ ಆತ್ಮವಿಲ್ಲ ಎಂದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ನ್ಯಾಯಾಧಿಪತಿ ಥರ್ಲೋ ಹೇಳಿದನೆಂದು ಪ್ರತೀತಿ. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ವಿಚಾರಣೆ ೧೭೮೮ರಲ್ಲಿ ಮೊದಲಾದಾಗ ಅಧ್ಯಕ್ಷಪೀಠದಲ್ಲಿದ್ದವನೂ ಅವನೇ.

ಅಂಥ ಮೈಯಿಲ್ಲದ ವ್ಯಕ್ತಿಯ ಆಳ್ವಿಕೆಯನ್ನು ಕೊಳ್ಳೇಗಾಲ ಕಂಡಿದೆ. ಓದಿ ತಿಳಿಯಬೇಕಾದ ಅಗತ್ಯವಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕೊಯಮತ್ತೂರು ಸೀಮೆಯೊಡನೆ ಕೊಳ್ಳೇಗಾಲವೂ ಕುಂಪಣಿಯ ವಶವಾಯಿತು. ೧೮೫೮ರವರೆಗೆ ಇಲ್ಲಿಯ ಕಂದಾಯ ಕಟ್ಟಿಸಿಕೊಂಡವನು ರಾಜನಲ್ಲ, ನವಾಬನಲ್ಲ. ೧೬೦೦ರ ಡಿಸೆಂಬರ್ ೩೧ರ ಸನ್ನದಿನಿಂದ ಹುಟ್ಟಿದ, ಲಂಡನ್ನಿನ ಷೇರುದಾರರ ಒಂದು ಸಂಘ. ೧೮೩೩ರ ಸನ್ನದು ಕಾಯಿದೆ ಅವರ ವ್ಯಾಪಾರವನ್ನು ನಿಲ್ಲಿಸಿತಾದರೂ ನೂರಕ್ಕೆ ಹತ್ತೂವರೆಯಂತೆ ಲಾಭಾಂಶವನ್ನು ಹಿಂದೂಸ್ಥಾನದ ಕಂದಾಯದಿಂದಲೇ ಕೊಡಬೇಕೆಂದು ಗೊತ್ತುಮಾಡಿತು. ನಮ್ಮ ರಾಗಿ ಜೋಳದ ಹೊಲಗಳಿಂದ ಹೋದ ಕಾಸಿನಲ್ಲೂ ಅದರ ಒಂದು ಪಾಲಿತ್ತೆಂದಾಯಿತು. ೧೮೭೪ರಲ್ಲಿ ಆ ‘ವ್ಯಕ್ತಿ’ ಕಾನೂನಿನ ಲೆಕ್ಕದಲ್ಲಿ ಕಾಲವಾದ. ಅವನ ಸಾಲವನ್ನು ಮಾತ್ರ ಮೊದಲೇ ಭಾರತದ ಬೊಕ್ಕಸದ ಮೇಲೆ ಹೊರಿಸಲಾಗಿತ್ತು. ಸತ್ತವನ ಸಾಲ ಮಕ್ಕಳಿಗೆ ಎಂಬ ಗಾದೆಯಂಥ ಮಾತಿದೆ. ಇಲ್ಲಿ ಸತ್ತವನ ಸಾಲ ಸುಲಿಗೆಗೆ ಸಿಕ್ಕಿದವನ ಮಕ್ಕಳಿಗೆ ಬಂತು.

ಇನ್ನೊಂದು ಸ್ವಾರಸ್ಯ. ಯಳಂದೂರನ್ನು ಮೈಸೂರು ಅರಸರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದರು. ಅದು ಮೈಸೂರಿಗೆ ಸೇರಿದ್ದು. ಅಲ್ಲಿಂದ ಸುಮಾರು ಹತ್ತು ಮೈಲಿಯ ಕೊಳ್ಳೇಗಾಲ ಮದರಾಸು ಪ್ರಾಂತ್ಯದ್ದು. ಎರಡು ಕಡೆಯೂ ಅದೇ ಕನ್ನಡ, ಅದೇ ನೆಂಟಸ್ತನ, ಅದೇ ಸಂತೆಗಳು. ಕಾನೂನು ಮಾತ್ರ ಎರಡು. ಕೊಳ್ಳೇಗಾಲದಲ್ಲಿ ೧೯೧೩ರ ಇಂಡಿಯನ್ ಕಂಪನಿಗಳ ಕಾಯಿದೆ, ಯಳಂದೂರಿನಲ್ಲಿ ಮೈಸೂರಿನ ಪ್ರತ್ಯೇಕ ಕಾಯಿದೆ. ಮೈಸೂರಿನಲ್ಲಿ ದಾಖಲಾದ ಕಂಪನಿ ಕೊಳ್ಳೇಗಾಲಕ್ಕೆ ಬಂದರೆ ಅದು ಬ್ರಿಟಿಷ್ ಇಂಡಿಯದ ಹೊರಗೆ ಸ್ಥಾಪಿತವಾದದ್ದು. ಮೈಸೂರಿನ ನ್ಯಾಯಾಲಯದ ತೀರ್ಪು ಇಲ್ಲಿ ವಿದೇಶಿ ತೀರ್ಪು. ಅಂತರರಾಷ್ಟ್ರೀಯ ವ್ಯಾಪಾರದ ಕಾನೂನೆಂದೊಡನೆ ಹುಡುಗರು ಜಿನೀವಾ, ಸಿಂಗಪುರ ಎಂದು ಕಣ್ಣರಳಿಸುತ್ತಾರೆ. ಅವರ ಮುತ್ತಜ್ಜಂದಿರು ಯಳಂದೂರಿನಲ್ಲಿ ಸಾಲ ಕೊಟ್ಟು ಕೊಳ್ಳೇಗಾಲದಲ್ಲಿ ವಸೂಲಿಗೆ ಅಲೆದಾಗ ಅದನ್ನೇ ಅನುಭವಿಸಿದ್ದರು. ೧೯೫೬ರ ಏಪ್ರಿಲ್ ಒಂದರಿಂದ ಇಡೀ ದೇಶಕ್ಕೆ ಹೊಸ ಕಂಪನಿ ಕಾಯಿದೆ ಜಾರಿಗೆ ಬಂತು. ಅದೇ ವರ್ಷ ನವೆಂಬರ್ ಒಂದರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಅಳಿಸಿತು. ಹೊಣೆಯ ಪ್ರಶ್ನೆ ಅಳಿಸಲಿಲ್ಲ.

ಆ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದವನು ಹನೂರಿನ ಕಡೆಯ ಒಬ್ಬ ಹುಡುಗ. ಅಂದು ನಡೆಯುತ್ತಿದ್ದದ್ದು ಸಾಲಮನ್ನನ ಮೊಕದ್ದಮೆ. ಲಂಡನ್ನಿನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲಮನ್ ತನ್ನ ವ್ಯಾಪಾರವನ್ನು ಒಂದು ಕಂಪನಿಗೆ ಮಾರಿದ. ಕಂಪನಿಯ ಸದಸ್ಯರು ಏಳು ಮಂದಿ: ಅವನು, ಅವನ ಹೆಂಡತಿ, ಒಬ್ಬಳು ಮಗಳು, ನಾಲ್ವರು ಗಂಡುಮಕ್ಕಳು. ೨೦,೦೦೭ ಷೇರುಗಳಲ್ಲಿ ಮನೆಯವರಿಗೆ ಒಂದೊಂದು, ಉಳಿದ ೨೦,೦೦೧ ಅವನಿಗೆ. ಅಷ್ಟೇ ಅಲ್ಲ, ಕಂಪನಿ ತನಗೆ ಕೊಡಬೇಕಾದ ಹಣದಲ್ಲಿ ಹತ್ತು ಸಾವಿರ ಪೌಂಡಿಗೆ ಸಾಲಪತ್ರ ಬರೆಸಿಕೊಂಡು, ಕಂಪನಿಯ ಆಸ್ತಿಯನ್ನೇ ಅದಕ್ಕೆ ಭದ್ರತೆಯಾಗಿ ಪಡೆದ. ವ್ಯಾಪಾರ ಕೆಟ್ಟಿತು. ಭದ್ರತೆಯಿದ್ದ ಸಾಲಕ್ಕೆ ಆಸ್ತಿ ಹೋದಮೇಲೆ ಉಳಿದವರಿಗೆ ಏನೂ ಉಳಿಯಲಿಲ್ಲ. ಕೆಳಗಿನ ನ್ಯಾಯಾಲಯಗಳು ಸಾಲಮನ್ನನೇ ಹೊಣೆ ಎಂದುವು. ೧೮೯೬ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್, ಕಂಪನಿ ಬೇರೆ ಸಾಲಮನ್ ಬೇರೆ, ಅವನ ಹೊಣೆಯಿಲ್ಲ ಎಂದಿತು. ಜಗತ್ತಿನ ಎಷ್ಟೋ ದೇಶಗಳ ಕಂಪನಿ ಕಾನೂನು ಇಂದಿಗೂ ನಿಂತಿರುವುದು ಆ ತೀರ್ಪಿನ ಮೇಲೆ. ಕಥೆ ಮುಗಿದಮೇಲೆ ಆ ಹುಡುಗ ಎದ್ದು, “ಹಾಗಾದ್ರೆ ಚರ್ಮ ಕೊಟ್ಟೋನ ಗತಿ ಏನಾಯ್ತು ಸಾರ್?” ಎಂದ.

ಆ ಪುಸ್ತಕದಲ್ಲಿ ಚರ್ಮ ಕೊಟ್ಟವನ ಹೆಸರಿಲ್ಲ. ‘ಭದ್ರತೆಯಿಲ್ಲದ ಸಾಲಿಗರು’ ಎಂಬ ಬಹುವಚನದಲ್ಲಿ ಅವನು ಕರಗಿಹೋಗಿದ್ದಾನೆ. ಹುಡುಗ ಏಕೆ ಕೇಳಿದನೆಂಬುದು ಆಮೇಲೆ ತಿಳಿಯಿತು. ಅವನ ತಂದೆ ಒಂದು ಕಂಪನಿಯ ಕರಾರಿನ ಮೇಲೆ ಚೆಂಡುಹೂ ಬೆಳೆದಿದ್ದರು. ಬೀಜ ಕೊಟ್ಟವರು ಅವರೇ, ಹೂ ತೂಗಿಸಿ ಲಾರಿಗೆ ಹೇರಿಸಿಕೊಂಡವರೂ ಅವರೇ. ಎರಡು ಕೊಯ್ಲಿನ ಹಣ ಬರಲಿಲ್ಲ. ಕಚೇರಿಗೆ ಬೀಗ ಬಿತ್ತು. ನಡೆಸುತ್ತಿದ್ದ ಮಹನೀಯರು ಅಕ್ಷರವೊಂದನ್ನು ಬದಲಾಯಿಸಿದ ಹೆಸರಿನಲ್ಲಿ ಬೇರೆ ಕಂಪನಿ ತೆರೆದು ಪಕ್ಕದ ತಾಲ್ಲೂಕಿನಲ್ಲಿ ಬೀಜ ಹಂಚುತ್ತಿದ್ದರಂತೆ. ಹುಡುಗನ ತಂದೆ ಹೋಗಿ ಕೇಳಿದಾಗ, ಅದು ಬೇರೆ ಕಂಪನಿ ಎಂದರು. ಸಾಲಮನ್ನನ ತೀರ್ಪನ್ನು ಅವರು ಓದಿದ್ದರೆಂದಲ್ಲ. ಅದರ ಸಾರ ಅವರಿಗೆ ಸಿದ್ಧಿಸಿತ್ತು.

ರೇಷ್ಮೆಗೂಡಿನ ವಿಷಯದಲ್ಲಿ ಹೀಗಾಗುವುದು ಅಷ್ಟು ಸುಲಭವಲ್ಲ. ಗೂಡನ್ನು ಬೆಳೆಗಾರ ಮನೆಯಲ್ಲಿ ಇಟ್ಟುಕೊಂಡು ಬೆಲೆಗೆ ಕಾಯುವಂತಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ, ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಈ ಆತುರವೇ ಕೊಳ್ಳುವವನ ಬಲ. ಇದನ್ನು ತಿಳಿದೇ ೧೯೫೯ರಲ್ಲಿ ನಮ್ಮ ರಾಜ್ಯ ಕಾಯಿದೆ ಮಾಡಿ, ಗೂಡಿನ ಮಾರಾಟವನ್ನು ಸರ್ಕಾರದ ಮಾರುಕಟ್ಟೆಯ ಹರಾಜಿಗೆ ತಂದಿತು. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆ ಅಂಥದು. ಅಲ್ಲಿ ಗಲಾಟೆಯಿದೆ, ದೂರುಗಳಿವೆ. ಆದರೂ ತಕ್ಕಡಿ ಎಲ್ಲರ ಎದುರಿಗಿದೆ. ಗೂಡಿಗೆ ಒದಗಿದ ಆ ಆಸರೆ ಹೂವಿಗೆ ಒದಗಿಲ್ಲ. ಬಾಡುವುದರಲ್ಲಿ ಹೂವು ಗೂಡಿಗಿಂತ ಅವಸರದ್ದು. ೨೦೧೬ರ ದಿವಾಳಿ ಸಂಹಿತೆಯನ್ನು ತೆಗೆದು ನೋಡಿದೆವು. ಮುಳುಗಿದ ಕಂಪನಿಯ ಆಸ್ತಿಯನ್ನು ಹಂಚುವಾಗ ಮೊದಲು ಆ ಪ್ರಕ್ರಿಯೆಯ ಖರ್ಚು, ಆಮೇಲೆ ಕೆಲಸಗಾರರ ಇಪ್ಪತ್ತನಾಲ್ಕು ತಿಂಗಳ ಬಾಕಿ ಮತ್ತು ಭದ್ರತೆಯುಳ್ಳ ಸಾಲ, ಹೀಗೆ ಸಾಲು ಸಾಗುತ್ತದೆ. ಸರಕು ಕೊಟ್ಟು ಕಾದವನು ನಿಂತಿರುವುದು ಸಾಲಿನ ಕೊನೆಯ ಹತ್ತಿರ, ಷೇರುದಾರರಿಗಿಂತ ಸ್ವಲ್ಪವೇ ಮುಂದೆ.

ಹಾಗಾದರೆ ಹೊಣೆಗೆ ಮೇರೆ ಹಾಕುವುದೇ ಅನ್ಯಾಯವೆ? ಹಾಗೆನ್ನಲು ನಾನು ಸಿದ್ಧನಿಲ್ಲ. ನಮ್ಮೂರ ಪಕ್ಕದ ಶಿವನಸಮುದ್ರವನ್ನೇ ನೋಡಿ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಡಿ ಲೊಟ್ಬಿನಿಯರ್ ಎಂಬ ಎಂಜಿನಿಯರ್ ಕಾವೇರಿಯ ಧುಮುಕಿನಿಂದ ವಿದ್ಯುತ್ತು ತೆಗೆಯುವ ಯೋಜನೆ ಮಾಡಿದ. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪನಿಗಳವು. ಕೊಳ್ಳುವವರು ಕೋಲಾರದ ಚಿನ್ನದ ಗಣಿಗಳು, ಅಂದರೆ ಜಾನ್ ಟೇಲರ್ ಮತ್ತು ಮಕ್ಕಳ ಆಡಳಿತದಲ್ಲಿದ್ದ ಲಂಡನ್ನಿನ ಕಂಪನಿಗಳು. ಮಾರುವವರು ಮೈಸೂರು ಸರ್ಕಾರ. ನದಿಯ ಒಂದು ದಡ ಮದರಾಸಿನದು. ೧೯೦೨ರ ಜೂನ್ ೩೦ರಂದು ತೊಂಬತ್ತು ಮೈಲಿಗೂ ಆಚೆ ಗಣಿಯಲ್ಲಿ ನಮ್ಮ ಹೊಳೆಯ ಬಲದಿಂದ ಯಂತ್ರ ತಿರುಗಿತು. ಕೆಲಸ ಕೈಗೂಡಿದ್ದನ್ನು ನೋಡಲು ಶೇಷಾದ್ರಿ ಅಯ್ಯರ್ ಅವರಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಪಾತಾಳದಲ್ಲಿ ಚಿನ್ನವಿದೆಯೋ ಇಲ್ಲವೋ ಎಂಬ ಜೂಜಿಗೆ ಹಣ ಹೂಡುವ ಲಂಡನ್ನಿನ ಗುಮಾಸ್ತೆಗೋ ವಿಧವೆಗೋ, ಗಣಿ ಮುಳುಗಿದರೆ ಮನೆಮಠವೂ ಹೋಗುತ್ತದೆಂದಿದ್ದರೆ ಅವರು ಹೂಡುತ್ತಿದ್ದರೆ? ಗಣಿಯಿಲ್ಲದಿದ್ದರೆ ಶಿವನಸಮುದ್ರದ ವಿದ್ಯುತ್ತನ್ನು ಅಂದು ಕೊಳ್ಳುವವರು ಯಾರು? ೧೯೦೫ರಲ್ಲಿ ಬೆಂಗಳೂರಿಗೆ ಬಂದ ದೀಪವೂ ಆ ತಂತಿಯ ಬಳುವಳಿಯೇ. ನಮ್ಮ ನೇಕಾರರ ಸಂಘವೂ ಅಷ್ಟೆ. ಮಗ್ಗವೊಂದೇ ಆಸ್ತಿಯಾದವನು ಎಲ್ಲರ ಸಾಲಕ್ಕೂ ಹೊಣೆ ನಿಲ್ಲಬೇಕೆಂದರೆ ಸಂಘಕ್ಕೆ ಸೇರುವನೆ? ಮೇರೆಯಿಲ್ಲದ ಹೊಣೆ ಧೈರ್ಯವನ್ನು ಉಳ್ಳವರ ಸ್ವತ್ತಾಗಿ ಮಾಡಿಬಿಡುತ್ತದೆ.

ಯಳಂದೂರಿನೊಡನೆ ಹೆಸರು ಕೂಡಿಕೊಂಡಿರುವ ಷಡಕ್ಷರದೇವ ಇದಕ್ಕೆ ತೀರ ವಿರುದ್ಧವಾದ ನ್ಯಾಯವೊಂದನ್ನು ‘ರಾಜಶೇಖರ ವಿಳಾಸ’ದಲ್ಲಿ ಕಾಣಿಸಿದ್ದಾನೆ. ರಾಜಕುಮಾರನ ಕುದುರೆಯ ಕಾಲಿಗೆ ಸಿಕ್ಕಿ ಬಡ ತಾಯಿಯೊಬ್ಬಳ ಮಗು ಸಾಯುತ್ತದೆ. ತಿರುಕೊಳವಿನಾಚಿಯ ಗೋಳು ಕೇಳಿದ ಅರಸ ಸತ್ಯೇಂದ್ರಚೋಳ, ಕುದುರೆಯದು ತಪ್ಪು ಎನ್ನುವುದಿಲ್ಲ. ಮಗನಿಗೇ ಮರಣದಂಡನೆ ಕೊಡುತ್ತಾನೆ. ತರಗತಿಯಲ್ಲಿ ಈ ಕಾವ್ಯ ಹೇಳುವಾಗ ನನಗೆ ಹಿಂದೆಂದೂ ಹೊಳೆಯದಿದ್ದದ್ದು ಈಗ ಹೊಳೆಯಿತು: ಅರಸನಿಗೂ ಆ ತಾಯಿಗೂ ನಡುವೆ ಯಾವ ಮುಸುಕೂ ಇಲ್ಲ. ಅವಳು ಅತ್ತದ್ದು ಅವನಿಗೆ ಕೇಳಿಸುತ್ತದೆ. ಆದರೆ ಅಂಥ ನ್ಯಾಯದಿಂದ ಲೋಕ ನಡೆಯದೆಂಬುದೂ ಕವಿಗೆ ಗೊತ್ತಿತ್ತು. ಕೊನೆಗೆ ಶಿವನೇ ಬಂದು ಸತ್ತವರನ್ನು ಬದುಕಿಸಬೇಕಾಯಿತು. ಕಂಪನಿ ಕಾನೂನಿನಲ್ಲಿ ಶಿವನಿಲ್ಲ. ಸಮಾಪನಾಧಿಕಾರಿ ಇದ್ದಾನೆ, ಅವನು ಬದುಕಿಸುವವನಲ್ಲ.

ಹಾಗಾದರೆ ಲೋಕ ನಡೆಸಿಕೊಂಡು ಬಂದ ಒಪ್ಪಂದವೇನು? ಇಂಗ್ಲೆಂಡಿನಲ್ಲಿ ೧೮೫೫ರಲ್ಲಿ, ನಮ್ಮಲ್ಲಿ ೧೮೫೭ರಲ್ಲಿ ಪರಿಮಿತ ಹೊಣೆಗೆ ಕಾನೂನು ಒಪ್ಪಿಗೆ ಕೊಟ್ಟಿತು. ಅದರ ಜೊತೆಜೊತೆಗೆ ಬೆಳೆದದ್ದು ಬಹಿರಂಗದ ಲೆಕ್ಕ. ನಿನ್ನ ಮನೆಯನ್ನು ನಾವು ಮುಟ್ಟುವುದಿಲ್ಲ, ಆದರೆ ನಿನ್ನ ಕಡತವನ್ನು ತೆರೆದಿಡು. ನಿನ್ನನ್ನು ನಂಬಿ ಸರಕು ಕೊಡುವವನು ನಿನ್ನ ಸ್ಥಿತಿಯನ್ನು ನೋಡಿ ಕೊಡಲಿ. ಒಪ್ಪಂದದ ನ್ಯಾಯವೆಲ್ಲ ಈ ಎರಡನೆಯ ಭಾಗದಲ್ಲಿದೆ. ಲೆಕ್ಕ ಸುಳ್ಳಾದರೆ ಹೊಣೆಯ ಮೇರೆ ಬರಿಯ ಮುಸುಕಾಗುತ್ತದೆ, ಸಾಲ ಕೊಟ್ಟವನಿಗೆ ಸಿಕ್ಕುವುದು ಮುಸುಕಿನ ಗುದ್ದು. ಲೆಕ್ಕಿಗನನ್ನು ನಾವು ಬರಿಯ ಕೂಡಿ ಕಳೆಯುವವನೆಂದು ತಿಳಿಯುತ್ತೇವೆ. ಅವನು ನಿಂತಿರುವುದು ಈ ಬಾಗಿಲಿನ ತಿರುಗಣೆಯಲ್ಲಿ. ಅವನಿಗೆ ಸಂಬಳ ಕೊಡುವವನು ಕಂಪನಿ. ಅವನ ರುಜುವನ್ನು ನಂಬಿ ಕೆಡಬಹುದಾದವನು ಅವನಿಗೆ ಕಾಣದ ಚರ್ಮದವನು, ಹೂವಿನವನು.

ಸಾಲಮನ್ನನ ತೀರ್ಪು ಬಂದ ೧೮೯೬ರಲ್ಲೇ ಇನ್ನೊಂದು ತೀರ್ಪೂ ಬಂತು. ಕಿಂಗ್‌ಸ್ಟನ್ ಹತ್ತಿಗಿರಣಿಯ ವ್ಯವಸ್ಥಾಪಕ ವರ್ಷಗಟ್ಟಲೆ ಇಲ್ಲದ ಹತ್ತಿ ನೂಲನ್ನು ದಾಸ್ತಾನಿನಲ್ಲಿ ತೋರಿಸುತ್ತ ಬಂದ. ಲೆಕ್ಕಪರಿಶೋಧಕರು ಅವನ ಪ್ರಮಾಣಪತ್ರವನ್ನೇ ನಂಬಿದರು, ಗೋದಾಮಿಗೆ ಹೋಗಿ ನೋಡಲಿಲ್ಲ. ನ್ಯಾಯಾಲಯ ಅವರನ್ನು ಬಿಟ್ಟಿತು. ಲೆಕ್ಕಪರಿಶೋಧಕ ಮನೆ ಕಾಯುವ ನಾಯಿಯೇ ಹೊರತು ಬೇಟೆನಾಯಿಯಲ್ಲವೆಂಬ ಭಾವದ ಮಾತು ಆ ತೀರ್ಪಿನದು. ಪರೀಕ್ಷೆಗೆ ಬರೆಯುವ ಹುಡುಗರಿಗೆಲ್ಲ ಅದು ಬಾಯಿಪಾಠ. ಮನೆ ಕಾಯುವ ನಾಯಿ ಕಳ್ಳ ಬಂದಾಗಲಾದರೂ ಬೊಗಳಬೇಕಷ್ಟೆ. ಕಳ್ಳನೇ ಅನ್ನ ಹಾಕುವವನಾದರೆ? ೨೦೦೯ರ ಜನವರಿ ೭ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ತಾವಾಗಿ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ಐದು ಸಾವಿರ ಕೋಟಿ ರೂಪಾಯಿಗೂ ಮೀರಿದ ನಗದು ಇಲ್ಲವೇ ಇಲ್ಲ ಎಂದಾಗ ಈ ಪ್ರಶ್ನೆಯನ್ನು ಇಡೀ ದೇಶ ಕೇಳಿಕೊಂಡಿತು. ೨೦೧೩ರ ಕಂಪನಿ ಕಾಯಿದೆಯಲ್ಲಿ, ದೊಡ್ಡ ವಂಚನೆ ಕಂಡರೆ ಪರಿಶೋಧಕನು ಕೇಂದ್ರ ಸರ್ಕಾರಕ್ಕೇ ವರದಿಮಾಡಬೇಕೆಂದು ಬಂತು. ದಾಸ್ತಾನು ದೊಡ್ಡದಾಗಿದ್ದರೆ ಎಣಿಕೆಯ ವೇಳೆ ಎದುರಿಗಿರಬೇಕೆಂದು ಇಂದಿನ ಪರಿಶೋಧನೆಯ ನಿಯಮ ಹೇಳುತ್ತದೆ. ವಿಚಿತ್ರವೆಂದರೆ ಅದೇ ೨೦೧೩ರ ಕಾಯಿದೆ ಒಬ್ಬನೇ ಸದಸ್ಯನಿರುವ ಕಂಪನಿಗೂ ಅನುಮತಿ ಕೊಟ್ಟಿತು. ಸಾಲಮನ್ ಇಂದು ಇದ್ದಿದ್ದರೆ ಹೆಂಡತಿ ಮಕ್ಕಳಿಗೆ ತೊಂದರೆ ಕೊಡಬೇಕಾಗಿರಲಿಲ್ಲ.

ಸಾಲಮನ್ನನಿಗೂ ನ್ಯಾಯ ಸಲ್ಲಬೇಕು. ಮಿತ್ರರು ಆಮೇಲೆ ಓದಿ ಹೇಳಿದರು: ಕಂಪನಿ ಕುಸಿಯತೊಡಗಿದಾಗ ಅದನ್ನು ಉಳಿಸಲೆಂದು ಅವನು ತನ್ನ ಸಾಲಪತ್ರಗಳನ್ನು ಬ್ರಾಡ್ರಿಪ್ ಎಂಬವನಲ್ಲಿ ಅಡವಿಟ್ಟು ಐದು ಸಾವಿರ ಪೌಂಡು ತಂದು ಸುರಿದಿದ್ದ. ಮೇಲ್ಮನವಿಗೆ ಬರುವ ಹೊತ್ತಿಗೆ ಅವನೇ ನಿರ್ಗತಿಕ. ವಂಚಕನಲ್ಲದವನ ಹೆಸರು ವಂಚಕರ ಆಸರೆಯಾಗಿ ಉಳಿದುಬಿಟ್ಟಿದೆ.

ದೇಶಗಳ ಗಡಿ ದಾಟಿದರೆ ಮುಸುಕಿನ ಮೇಲೆ ಮುಸುಕು. ೧೯೮೪ರ ಡಿಸೆಂಬರ್ ೨ ಮತ್ತು ೩ರ ನಡುವಿನ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದ ಕಾರ್ಖಾನೆ ಇಂಡಿಯದ ಕಂಪನಿಯದು. ಅದರ ಷೇರುಗಳಲ್ಲಿ ನೂರಕ್ಕೆ ೫೦.೯ ಅಮೆರಿಕದ ಯೂನಿಯನ್ ಕಾರ್ಬೈಡಿನದು. ನ್ಯೂಯಾರ್ಕಿನ ನ್ಯಾಯಾಲಯ ೧೯೮೬ರಲ್ಲಿ, ಇದನ್ನು ಭಾರತದಲ್ಲೇ ವಿಚಾರಿಸಿಕೊಳ್ಳಿ ಎಂದಿತು. ೧೯೮೯ರ ಫೆಬ್ರವರಿಯಲ್ಲಿ ೪೭ ಕೋಟಿ ಡಾಲರಿಗೆ ರಾಜಿಯಾಯಿತು. ೨೦೦೧ರಲ್ಲಿ ಆ ಅಮೆರಿಕದ ಕಂಪನಿಯನ್ನು ಡೌ ಎಂಬ ಇನ್ನೊಂದು ಕಂಪನಿ ಕೊಂಡಿತು. ಹಳೆಯ ಹೊಣೆ ತನ್ನದಲ್ಲ ಎಂದಿತು. ಹೆಚ್ಚಿನ ಪರಿಹಾರ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟು ೨೦೨೩ರ ಮಾರ್ಚಿನಲ್ಲಿ ತಳ್ಳಿಹಾಕಿತು. ಚೆಂಡುಹೂವಿನ ತಂದೆಗೆ ಸಿಕ್ಕಿದ ಉತ್ತರವೂ, ಅಳತೆಯನ್ನು ಬಿಟ್ಟರೆ, ಇದೇ: ಅದು ಬೇರೆ ಕಂಪನಿ. ನಮ್ಮ ಕಡೆಯ ಕರಿಕಲ್ಲು ಸ್ಮಾರಕಶಿಲೆಯಾಗಲು ಹಡಗೇರಿ ಹೋಗುತ್ತದಷ್ಟೆ. ಅದರ ಹಣ ಸಂದಾಯವಾಗುವ ಪದ್ಧತಿಯಲ್ಲಿ ಬ್ಯಾಂಕು ನೋಡುವುದು ಕಲ್ಲನ್ನಲ್ಲ, ಕಾಗದವನ್ನು. ಕಾಗದ ಸರಿಯಿದ್ದರೆ, ಕಲ್ಲಿನಲ್ಲಿ ಬಿರುಕಿದ್ದರೂ ಹಣ ಕೊಡತಕ್ಕದ್ದು. ದೂರದೂರದವರ ವ್ಯಾಪಾರ ಬೇರೆ ರೀತಿಯಲ್ಲಿ ನಡೆಯುವಂತಿಲ್ಲವೆಂದು ನನಗೂ ಗೊತ್ತು. ಆದರೆ ಜಗತ್ತೆಲ್ಲ ಕಾಗದವನ್ನು ನಂಬುವಾಗ ಕಾಗದ ಬರೆಯುವವನ ಮೇಲೆ ಎಷ್ಟು ಭಾರ ಬೀಳುತ್ತದೆ ಎ೦ಬುದನ್ನು ಆ ಪಠ್ಯಪುಸ್ತಕಗಳು ಒಂದು ವಾಕ್ಯದಲ್ಲಾದರೂ ಹೇಳಬೇಡವೆ?

ನೀತಿಪಾಠದಿಂದ ಲೆಕ್ಕಿಗರು ಪ್ರಾಮಾಣಿಕರಾಗುತ್ತಾರೆಂದು ನಂಬುವವನು ನಾನಲ್ಲ. ನೀತಿಕಾವ್ಯಗಳನ್ನು ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ಭ್ರಮೆ ಇರಲಾರದು. ಮಿತ್ರರಿಗೆ ನಾನು ಸೂಚಿಸಿದ್ದು ಇಷ್ಟೆ: ಪ್ರತಿಯೊಂದು ಮೊಕದ್ದಮೆಯ ಕೆಳಗೂ, ಹಣ ಬರಬೇಕಾಗಿದ್ದು ಬಾರದೆ ಹೋದವರು ಯಾರು, ಅವರು ಏನು ಕೊಟ್ಟಿದ್ದರು ಎಂದು ಎರಡು ಸಾಲು ಬರೆಯಿರಿ. ಪುಸ್ತಕದಲ್ಲಿ ಸಿಕ್ಕದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ. ಅವರು ಒಪ್ಪಿದರು. ಟಿಪ್ಪಣಿಯಲ್ಲಿ ‘ತಿಳಿಯದು’ ಎಂಬ ಮಾತು ಬಹಳ ಸಲ ಬಂದಿದೆ.

ಆ ಹುಡುಗ ಈಗ ಬೆಂಗಳೂರಿನಲ್ಲಿ ಒಬ್ಬ ಲೆಕ್ಕಪರಿಶೋಧಕರ ಬಳಿ ತರಬೇತಿಗಿದ್ದಾನೆ. ಅವನ ತಂದೆಯ ಹಣ ಬಂದಿಲ್ಲ. ಅವರು ಮತ್ತೆ ಹಿಪ್ಪುನೇರಳೆ ಹಾಕಿದ್ದಾರೆ. ಹೋದ ದೀಪಾವಳಿಗೆ ಊರಿಗೆ ಬಂದವನು ತನ್ನ ಕೆಲಸದ ವಿಚಾರ ಹೇಳಿದ. ವರ್ಷದ ಕೊನೆಯ ದಾಸ್ತಾನು ನೋಡಲು ಅವನನ್ನು ಒಂದು ಕಾರ್ಖಾನೆಗೆ ಕಳಿಸಿದ್ದರಂತೆ. ವ್ಯವಸ್ಥಾಪಕರು ಪಟ್ಟಿ ಕೊಟ್ಟು, ಕಾಫಿ ಕೊಟ್ಟು, ಗೋದಾಮಿನ ಬೀಗದಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದಾನೆ, ಪಟ್ಟಿಯಲ್ಲಿ ಎಲ್ಲ ಇದೆಯಲ್ಲ ಎಂದರು. ಇವನು ಕಾದಿರುತ್ತೇನೆಂದ. ಬೀಗದಕೈ ಬಂದದ್ದು ನಾಲ್ಕು ಗಂಟೆಗೆ. ಚೀಲಗಳನ್ನು ಎಣಿಸಿ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು.

“ಏನಾಯ್ತಪ್ಪ, ಕಮ್ಮಿ ಬಂತೆ?” ಎಂದು ಕೇಳಿದೆ.

“ಇಲ್ಲ ಸಾರ್, ಎಲ್ಲ ಸರಿಯಾಗಿತ್ತು. ಕೊನೇ ಬಸ್ಸು ತಪ್ಪಿಹೋಯ್ತು ಅಷ್ಟೆ” ಎಂದ.